ಪುಡಿಯಕ್ಕ ಅರೆದ ಹತ್ತೊಂಬತ್ತು ಕಲ್ಲು

ನಮ್ಮ ಪ್ರಯೋಗಾಲಯದಲ್ಲಿ ಕಲ್ಲು ಅರೆಯುತ್ತಿದ್ದವಳನ್ನು ಎಲ್ಲರೂ ಪುಡಿಯಕ್ಕ ಎನ್ನುತ್ತಿದ್ದರು. ಅವಳು ಅರೆದ ಪುಡಿಗೆ ಪಕ್ಕದ ಕೋಣೆಯಲ್ಲಿ ದೀಪ ಹಿಡಿಯುವವನು ನಾನು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಈ ವಿದ್ಯೆಯನ್ನು ಕಣ್ಣಲ್ಲೇ ಕಲಿತವನು. ಪ್ರತಿ ಕಲ್ಲೂ ಬೆಳಕಿನಲ್ಲಿ ತನಗೆ ಬೇಕಾದ ಬಣ್ಣ ನುಂಗಿ ಉಳಿದದ್ದನ್ನು ಉಗುಳುತ್ತದೆ. ಆ ಗುರುತನ್ನು ನಾವು ದಾಖಲಿಸುತ್ತೇವೆ. ದೂರದ ಗ್ರಹದ ಚಿತ್ರದಲ್ಲಿ ಅದೇ ಗುರುತು ಸಿಕ್ಕ ಕಡೆ ಆ ಕಲ್ಲಿದೆ ಎಂದು ನಕ್ಷೆಯವರು ಬಣ್ಣ ತುಂಬುತ್ತಾರೆ.

ಅರೆಯುವ ಕೋಣೆಯ ಧೂಳು ಹೀರುವ ಫ್ಯಾನು ಕೆಟ್ಟು ಮೂರು ವರ್ಷವಾಗಿತ್ತು. ಅರ್ಜಿ ಬರೆದು ಬರೆದು ನಮ್ಮ ಕೈ ಸೋತಿತ್ತು. ಧೂಳು ಕುಡಿದ ಪುಡಿಯಕ್ಕನ ಎದೆ ಕಮ್ಮಾರನ ಹಳೆಯ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಅಕ್ಕನಿಗಿಂತ ಮೊದಲು ಅಕ್ಕನ ಕೆಮ್ಮು ಹಾಜರಿ ಹಾಕುತ್ತದೆ ಎಂದು ಕಾವಲುಗಾರ ಚುಡಾಯಿಸಿದರೆ, ಉಸಿರು ಸಿಕ್ಕಾಗ ಅವಳೂ ನಗುತ್ತಿದ್ದಳು.

ಒಂದು ದಿನ ನಕ್ಷೆಯಲ್ಲಿ ಎಡವಟ್ಟು ಕಂಡಿತು. ಒಣ ಕಪ್ಪುಕಲ್ಲೆಂದು ಬಣ್ಣ ತುಂಬಿದ ಬಯಲಲ್ಲಿ ನೀರಿನ ಗುರುತಿತ್ತು. ಮುಖ್ಯಸ್ಥರು ನನ್ನ ದೀಪವನ್ನೇ ಶಂಕಿಸಿ ಅದರ ಯಂತ್ರ ಬಿಚ್ಚಿಸಿದರು. ಇನ್ನು ನಾನು ಮನೆಗೇ ಎಂದುಕೊಂಡಾಗ ಪುಡಿಯಕ್ಕ ಬಾಗಿಲಲ್ಲಿ ಬಂದು ನಿಂತಳು.

"ಅಣ್ಣನ ದೀಪದ ತಪ್ಪಲ್ಲ ಸಾರ್. ಧೂಳು ಏಳಬಾರದು ಅಂತ ನಾನೇ ನೀರು ಚಿಮುಕಿಸಿ ಅರೆದೆ. ಕೈಗೆ ಒಣಗಿದ ಹಾಗಿತ್ತು, ಒಲೆಗಿಟ್ಟು ಒಣಗಿಸದೆ ಕೊಟ್ಬಿಟ್ಟೆ."

"ಎಷ್ಟು ಕಲ್ಲು?"

"ಹತ್ತೊಂಬತ್ತು."

ಕೈಗೆ ಸಿಗದ ತೇವ ಬೆಳಕಿಗೆ ಸಿಕ್ಕಿತ್ತು. ಒಣಕಲ್ಲಿನ ಹೆಸರಲ್ಲಿ ನೀರಿನ ಗುರುತು ದಾಖಲಾಗಿ, ನೀರಿದ್ದ ಜಾಗವನ್ನೂ ನಕ್ಷೆ ಬರೀ ಕಲ್ಲೆಂದಿತ್ತು. ನೀರು ತಾಗಿದ ಪುಡಿಯನ್ನು ಒಲೆಗಿಟ್ಟರೂ ತೇವ ಪೂರ್ತಿ ಹೋಗುವ ಖಾತ್ರಿಯಿಲ್ಲ, ಹತ್ತೊಂಬತ್ತನ್ನೂ ಒಣಗಿದ್ದಾಗಲೇ ಮತ್ತೆ ಅರೆಯಬೇಕು, ಇಲ್ಲವಾದರೆ ಆ ಬಣ್ಣಗಳನ್ನೆಲ್ಲ ಅಳಿಸುತ್ತೇವೆ ಎಂದರು ಮುಖ್ಯಸ್ಥರು. ಫ್ಯಾನಿನ ಮಾತೆತ್ತಿದೆ. ಮುಂದಿನ ವರ್ಷ ನೋಡೋಣವೆಂದರು.

ಇನ್ನೊಂದು ಹಿಡಿ ಧೂಳು ಹೋದರೂ ಪುಡಿಯಕ್ಕನ ಎದೆ ತಡೆಯದು ಎಂದು ವೈದ್ಯರು ಹೇಳಿದ್ದರು. ಮಗಳು ಪ್ರಯೋಗಾಲಯಕ್ಕೇ ಬಂದು ಅಮ್ಮನ ಸೆರಗು ಹಿಡಿದು ಎಳೆದಳು.

"ಬೇರೆ ಯಾರಾದ್ರೂ ಅರೀಲಿ ಬಿಡಮ್ಮ."

"ಯಾರು? ಅವಳಿಗೂ ನಿನ್ನಂಥ ಮಗಳು ಇರ್ತಾಳೆ ಕಣೇ," ಎಂದು ಪುಡಿಯಕ್ಕ ಮೂಗಿಗೆ ಒಣಬಟ್ಟೆ ಕಟ್ಟಿಕೊಂಡಳು.

ದಿನಕ್ಕೊಂದು ಕಲ್ಲು. ಹದಿನೇಳು ಮುಗಿದವು. ನಕ್ಷೆಯಲ್ಲಿ ಕಪ್ಪುಕಲ್ಲಿನ ಬಯಲಿಗೆ ನೀರು ಹಿಡಿದಿಟ್ಟ ಮಣ್ಣಿನ ಬಣ್ಣ ಬಂತು. ಹದಿನೆಂಟನೆಯ ದಿನ ಅವಳು ಬರಲಿಲ್ಲ, ವಾರದೊಳಗೆ ತೀರಿಕೊಂಡಳು.

ಉಳಿದೆರಡು ಕಲ್ಲನ್ನು ನೀನಾದರೂ ಅರೆದುಕೊಡು ಎಂದು ಮುಖ್ಯಸ್ಥರು ನನ್ನನ್ನು ಕೇಳಿದರು. ನನ್ನ ಕೆಲಸ ಉಳಿಸಿದವಳು ಅವಳು. ಆದರೂ ಒಲ್ಲೆನೆಂದೆ. ನನ್ನ ಎದೆ ನನಗೆ ದೊಡ್ಡದಾಗಿತ್ತು. ನಕ್ಷೆಯಲ್ಲಿ ಆ ಎರಡು ಕಡೆ ಈಗಲೂ ಬಣ್ಣವಿಲ್ಲ.