ಸೊಂಟದ ಸಾಕ್ಷಿ
ಬೈರಕೂರಿನ ರಾಮಚಂದ್ರಪ್ಪನವರು ಮನೆಮಂದಿಗೆಲ್ಲ ಆಗುವಂಥ ದೊಡ್ಡ ಗಾಡಿಯೊಂದನ್ನು ಎರಡು ವರ್ಷದಿಂದ ಹುಡುಕುತ್ತಿದ್ದಾರೆ. ಯಾವ ಗಾಡಿ ಎಂಬುದು ತೀರ್ಮಾನವಾಗಿದೆ. ಎರಡು ಸಾವಿರದ ಹದಿನಾಲ್ಕರ ಮಾಡೆಲ್ಲೋ ಹತ್ತೊಂಬತ್ತರದ್ದೋ ಎಂಬುದಷ್ಟೇ ಬಾಕಿ. ಬಾನೆಟ್ ಕುಟ್ಟಿ "ಹಳೇದು ಕಬ್ಬಿಣ ಕಣೋ, ಹೊಸದು ಬರೀ ತಗಡು" ಅನ್ನುತ್ತಾರೆ. ಹೊಸದರ ಏಸಿ ಮುಖಕ್ಕೆ ಬಡಿದರೆ ಮಾತು ತಿರುಗುತ್ತದೆ. ನಂಗಲಿಯ ಸೆಕೆಂಡ್ ಹ್ಯಾಂಡ್ ದಲ್ಲಾಳಿ ಯಾವ ಗಾಡಿ ಕಳಿಸಿದರೂ ಹೆಂಡತಿ ಮುನಿಲಕ್ಷ್ಮಿಯನ್ನು ಕೂಗುತ್ತಾರೆ: "ಬಾರೇ, ಹಿಂದೆ ಕೂತ್ಕೋ. ನಿನ್ನ ಸೊಂಟ ಸುಳ್ಳು ಹೇಳಲ್ಲ." ಹಿಂದೊಮ್ಮೆ ಬಚ್ಚಲಲ್ಲಿ ಜಾರಿಬಿದ್ದು ಕೆಟ್ಟ ಸೊಂಟ ಅದು. ರಸ್ತೆಯುಬ್ಬಿನ ಮೇಲೆ ಬೇಕೆಂದೇ ಜೋರಾಗಿ ಓಡಿಸುತ್ತಾರೆ. ಅವಳಿಗೆ ನೋವಾದರೆ ಗಾಡಿ ವಾಪಸ್ಸು. ಹೆಂಡತಿಯ ಮೇಲೆ ಎಂಥ ಪ್ರೀತಿ ಎಂದು ಬೀದಿಯೆಲ್ಲ ಹೊಗಳುತ್ತದೆ. ಈ ಸಲ ಎರಡು ಮಾಡೆಲ್ಲೂ ಒಟ್ಟಿಗೆ ಅಂಗಳದಲ್ಲಿ ನಿಂತಿವೆ. ಮುಂದಿನ ವಾರ ರಾಯಲ್ಪಾಡಿನಲ್ಲಿ ಮುನಿಲಕ್ಷ್ಮಿಯ ತಂಗಿಯ ಮಗಳ ಮದುವೆ. ಹೊಸದರಲ್ಲಿ ಏಳೇ ಸೀಟು. ರಾಮಚಂದ್ರಪ್ಪನವರು ಬೆರಳು ಮಡಚಿ ತಮ್ಮನ್ನು, ಇಬ್ಬರು ಗಂಡುಮಕ್ಕಳನ್ನು, ಇಬ್ಬರು ಸೊಸೆಯರನ್ನು, ಅಕ್ಕನನ್ನು, ಭಾವನನ್ನು ಎಣಿಸಿದರು. "ಏಳು! ಸರಿಹೋಯ್ತು ನೋಡು. ಹಸು ಕರೆಯೋಕೆ ಹೆಂಗೂ ನೀನಿರ್ತೀಯಲ್ಲ." ಮುನಿಲಕ್ಷ್ಮಿ ಹೋಗಿ ಹಳೆಯದನ್ನು ಹತ್ತಿದಳು. ಅದರ ಹಿಂಭಾಗದಲ್ಲಿ ಎದುರುಬದುರು ಬೆಂಚುಗಳು. ಒಂಬತ್ತು ಜನಕ್ಕೆ ಜಾಗ. ಗಂಡ ಗಾಡಿ ಓಡಿಸಿದರು. ಮೊದಲ ಉಬ್ಬಿಗೇ ಸೊಂಟದಲ್ಲಿ ಕಾದ ಸರಳು ಆಡಿದಂತಾಯಿತು. "ನೋವಾಯ್ತೇನೇ?" ಎಂದು ಗಂಡ ಮುಂದಿನಿಂದ ಕೂಗಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇಲ್ಲ ಕಣ್ರೀ, ಹಾಯಾಗೈತೆ. ಇದನ್ನೇ ತಗೊಳ್ಳಿ" ಎಂದಳು.