ಮುರ್ಸಲಣ್ಣನ ಬಾಯಿಗೆ ಬಿದ್ದ ಹಲ್ವಾ

ನಮ್ಮ ಶೆಕಿ ಊರಿನಲ್ಲಿ ಮುರ್ಸಲಣ್ಣನಷ್ಟು ಚೆನ್ನಾಗಿ ಓಲಗದಂಥ ಝುರ್ನಾ ಊದುವವರಿಲ್ಲ, ಅವನಷ್ಟು ಆತುರಗೇಡಿಗಳೂ ಇಲ್ಲ. ಕುದುರೆ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯುವ ಚೊವ್ಗಾನ್ ಆಟ ಎಲ್ಲೇ ನಡೆಯಲಿ, ಅವನ ಝುರ್ನಾ, ಪಕ್ಕದಲ್ಲಿ ನನ್ನ ನಗಾರಿ.

"ಹಿಂದೆ ಪಾರಸಿ ದೊರೆಗಳೂ ನಮ್ಮಂಥೋರು ಊದಿದ್ಮೇಲೇ ಕುದುರೆ ಹತ್ತುತಿದ್ರು ಕಣೋ" ಎಂದು ಜಂಬ ಕೊಚ್ಚುತ್ತಾನೆ. ದೊರೆಗಳ ಸಂಗತಿ ನನಗೆ ಗೊತ್ತಿಲ್ಲ, ನಮ್ಮ ಕುದುರೆಗಳಂತೂ ನಮ್ಮ ವಾದ್ಯ ಕೇಳಿಯೇ ಓಡುತ್ತವೆ. ಗೋಲಾದಾಗ ಅವನು ಗೆಲುವಿನ ಮಟ್ಟು ಊದಿದರೆ ಗಕ್ಕನೆ ನಿಲ್ಲುತ್ತವೆ. ಆಗ ಸಕ್ಕರೆ ಸಿಗುತ್ತದಲ್ಲ!

ಅವತ್ತು ಅವನ ಮಗಳು ತೆಲ್ಲಿ ಮೊದಲ ಸಲ ಆಡಲಿಳಿದಳು. "ಒಂದು ಗೋಲು ಹೊಡಿ, ತಂಡದಲ್ಲಿರ್ತೀಯ. ಇಲ್ಲಾಂದ್ರೆ ಲಾಯ ಗುಡಿಸ್ಕೊಂಡಿರು" ಎಂದಿದ್ದ ನಾಯಕ ನುಸ್ರತ್.

ತೆಲ್ಲಿ ಚೆಂಡನ್ನು ಕೋಲಿನಿಂದ ತಳ್ಳಿಕೊಂಡು ನುಗ್ಗಿದಳು. ಇನ್ನೇನು ಕೋಲು ಬೀಸಬೇಕು, ಈ ಪುಣ್ಯಾತ್ಮ ಗೆಲುವಿನ ಮಟ್ಟು ಊದಿಯೇಬಿಟ್ಟ! ಕುದುರೆಗಳೆಲ್ಲ ನಿಂತವು. ಎದುರು ತಂಡದ ಗೋಲು ಕಾಯುವವನ ಕುದುರೆ ಜಾಗ ಬಿಟ್ಟು ಸಕ್ಕರೆ ಹುಡುಕಿಕೊಂಡು ಹೊರಟಿತು. ತೆಲ್ಲಿ ನಿಂತಲ್ಲಿಂದಲೇ ಹೊಡೆದಳು, ಚೆಂಡು ಒಳಗೆ ಹೋಯಿತು. ಜಗಳವೋ ಜಗಳ. ಗೋಲು ಲೆಕ್ಕಕ್ಕಿಲ್ಲ ಎಂದರು.

"ಅಪ್ಪಾ, ನೀನು ನನ್ನ ಕಡೆಯೋ ಅವರ ಕಡೆಯೋ?" ಎಂದು ತೆಲ್ಲಿ ಕಿರುಚಿದಳು. ಮುರ್ಸಲಣ್ಣನ ಮುಖ ಹುಳ್ಳಗಾಯಿತು.

ಮತ್ತೆ ಚೆಂಡು ಅವಳಿಗೆ ಸಿಕ್ಕಿತು. ಇವನ ಕೈ ಆಗಲೇ ಝುರ್ನಾ ಎತ್ತುತ್ತಿತ್ತು. ನನಗೆ ರೇಗಿಹೋಯಿತು. ಜೇಬಿನಲ್ಲಿದ್ದ ಹಲ್ವಾ ತೆಗೆದು ಅವನ ಬಾಯಿಗೆ ತುರುಕಿ, ನಗಾರಿ ಬಾರಿಸಿದೆ.

ಗೋಲು! ಮೈದಾನವೆಲ್ಲ ಹೋ ಎಂದಿತು.

"ಊದಣ್ಣ, ಈಗ ಊದು!"

"ಮ್... ಮ್..." ಹಲ್ವಾ ಹಲ್ಲಿಗೆ ಅಂಟಿಕೊಂಡಿತ್ತು. ಮಟ್ಟು ಕೇಳದ ಕುದುರೆಗಳು ನಿಲ್ಲಲೊಲ್ಲವು. ಖುಷಿಯಲ್ಲಿ ನಾನೂ ನಗಾರಿ ನಿಲ್ಲಿಸಲು ಮರೆತಿದ್ದೆ. ತೆಲ್ಲಿ ಬಿದ್ದು ಬಿದ್ದು ನಗುತ್ತ ಮೈದಾನ ಸುತ್ತಿದಳು. ಅವಳ ಹಿಂದೆ ನುಸ್ರತ್, ಅವನ ತುಪ್ಪಳದ ಟೋಪಿ ಎಲ್ಲೋ ಹಾರಿಹೋಗಿತ್ತು.

"ಲೋ ಮುರ್ಸಲಾ, ಊದೋ! ನಿನ್ನ ಮಗಳು ತಂಡದಲ್ಲೇ ಇರ್ತಾಳೆ, ಮೊದ್ಲು ನನ್ನ ಕುದುರೆ ನಿಲ್ಸೋ ಮಾರಾಯಾ!"

ಆ ಮಾತು ಕೇಳಿ ಮುರ್ಸಲಣ್ಣ ಹಲ್ವಾವನ್ನು ಹೇಗೋ ನುಂಗಿದ, ಝುರ್ನಾ ತುಟಿಗಿಟ್ಟ. ಎಲ್ಲಿ ಊದುತ್ತಾನೆ? ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಊದಲು ಉಸಿರೇ ಇರಲಿಲ್ಲ. ತೆಲ್ಲಿ ನಮ್ಮ ಮುಂದೆಯೇ ಅಪ್ಪನಿಗೆ ಕೈ ಬೀಸುತ್ತ ಇನ್ನೊಂದು ಸುತ್ತು ಹೋದಳು.