ಕೊನೆಯ ಹಾಳೆ ನನ್ನ ಜೇಬಿನಲ್ಲಿತ್ತು

ನಿನ್ನೆ ಮೊಮ್ಮಗ ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದ. ಬೇರೆ ಬೇರೆ ಕಥೆಗಳ ವೀರರೆಲ್ಲ ಒಂದೇ ಯುದ್ಧಕ್ಕೆ ಬಂದು ಸೇರಿದ್ದರು. ನನಗೆ ಖಲೀಲನ ನೆನಪಾಗಿ ಹೊಟ್ಟೆ ಉರಿಯಿತು.

ಆವರಗೆರೆಯಲ್ಲಿ ನಾನು ಶಾಲೆ ಬಿಟ್ಟು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದ ಕಾಲ. ಟ್ರಂಕು ಮಾಡುವವರ ಮಗ ಖಲೀಲ ಚಿತ್ರಕಥೆ ಪುಸ್ತಕ ತಂದು ಹುಡುಗರಿಗೆಲ್ಲ ಓದಿ ಹೇಳುತ್ತಿದ್ದ. ಅಕ್ಷರ ಕೂಡಿಸಿ ಓದಲು ನನಗೂ ಬರುತ್ತಿತ್ತು, ಕೇಳುವವರು ಇರಲಿಲ್ಲ. ಕೊನೆಯ ಹಾಳೆಯನ್ನು ಅವನು ಎಲ್ಲರ ಮುಂದೆಯೇ ತಿರುವಿ ಓದುತ್ತಿದ್ದ, ಮೊದಲೇ ನೋಡುತ್ತಿರಲಿಲ್ಲ.

ಆ ಸಲದ್ದು ಐವರು ವೀರರ ತಂಡದ ಕಥೆ. ಐವರೂ ಸೋತು ಬಿದ್ದಲ್ಲಿಗೆ ಖಲೀಲ ಓದು ನಿಲ್ಲಿಸಿದ. "ಹಿಡ್ಕಳೋ, ನಮಾಜ್ ಮುಗಿಸಿ ಬರ್ತೀನಿ" ಎಂದು ಪುಸ್ತಕವನ್ನು ನನಗೆ ಕೊಟ್ಟು ಹೋದ. ನಾನು ಕೊನೆಯ ಹಾಳೆ ಹರಿದು ಚಡ್ಡಿ ಜೇಬಿಗೆ ತುರುಕಿದೆ. ಅದರಲ್ಲಿ ಆಕಾಶದಿಂದ ಇನ್ನೊಂದು ತಂಡ ಇಳಿಯುತ್ತಿತ್ತು. ಮಹಾಯುದ್ಧ ಮುಂದಿನ ಸಂಚಿಕೆಯಲ್ಲಿ ಎಂದು ಬರೆದಿತ್ತು.

ಖಲೀಲ ಬಂದು ಓದಿದ. ಹಾಳೆ ಹರಿದ ಜಾಗಕ್ಕೆ ಬಂದು ನಿಂತ.

"ಮುಂದೇನಾತಲೇ?" ಎಂದರು ಹುಡುಗರು.

ಅವನು ಬರೀ ರಟ್ಟು ನೋಡುತ್ತಾ, "ಹರಿಹರದ ಸೇತುವೆ ಮ್ಯಾಲೆ ಇನ್ನೊಂದ್ ತಂಡ ಬರ್ತಾ ಐತೆ. ಅವರು ಹೆಜ್ಜೆ ಇಟ್ಟಂಗೆಲ್ಲ ಕೆಳಗೆ ಹೊಳೆ ನಡುಗ್ತೈತೆ" ಎಂದ. ಒಬ್ಬನೂ ಮಿಸುಕಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎನ್ನಲು ನನಗೆ ಬಾಯಿ ಇರಲಿಲ್ಲ, ಹಾಳೆ ಜೇಬಿನಲ್ಲಿತ್ತು.

ಸಿನಿಮಾ ಮುಗಿದ ಮೇಲೆ ಮೊಮ್ಮಗನಿಗೆ, "ಇವ್ರದೇನ್ ಬರೋದು? ನಮ್ ಕಾಲದ ವೀರರು ಹರಿಹರದ ಸೇತುವೆ ಮ್ಯಾಲೆ ಬಂದಿದ್ರು ನೋಡು" ಎಂದು ಪೂರ್ತಿ ಹೇಳಿದೆ. ಬಾಯಿ ಬಿಟ್ಟುಕೊಂಡು ಕೇಳಿದ.

"ಯಾರ್ ಹೇಳಿದ್ದು ಅಜ್ಜ, ನಿಂಗೆ?"

"ನಾನೇ ಓದೀನಿ, ಸುಮ್ನಿರು" ಎಂದೆ.